ಮಾಳಮಡ್ಡಿಯಲ್ಲಿ ನನ್ನ ಮಡಿ

ಗುಳು ಗುಳು ಗುಳು. ಗಾಜಿನ ಬಾಟಲಿಯಲ್ಲಿ ನೀರಿನ ಗುಳ್ಳೆ ಏಳುವ ಸದ್ದು. ಈಗಲೂ ಮಕ್ಕಳು ಶರಬತ್ತಿನ ಗ್ಲಾಸಿಗೆ ಸ್ಟ್ರಾ ಹಾಕಿ ಊದಿದರೆ ನನ್ನ ಎಡ ಪಕ್ಕೆ ತಾನಾಗಿಯೇ ಬಿಗಿಯುತ್ತದೆ. ಹುಬ್ಬಳ್ಳಿ ಸ್ಟೇಶನ್ನಿನ ಸಮೀಪ ಒಬ್ಬ ಡಾಕ್ಟರರ ದವಾಖಾನೆ. ಅದರ ಒಳಕೋಣೆಯಲ್ಲಿ ನಾನು ಬಲಮಗ್ಗುಲಾಗಿ ಮಲಗಿ, ಎಡಗೈಯನ್ನು ತಲೆಯ ಮೇಲೆ ಚಾಚಿರುತ್ತಿದ್ದೆ. ಪಕ್ಕೆಲುಬುಗಳ ನಡುವೆ ಸೂಜಿ, ಸೂಜಿಗೆ ರಬ್ಬರಿನ ನಳಿಕೆ, ನಳಿಕೆಯ ಆ ತುದಿಗೆ ಜೋಡಿ ಬಾಟಲಿ. ಒಂದು ಬಾಟಲಿಯ ನೀರು ಇನ್ನೊಂದಕ್ಕೆ ಇಳಿದಂತೆ ಗಾಳಿ ನನ್ನ ಎದೆಯೊಳಗೆ ಹೋಗುತ್ತಿತ್ತು. ಕೆಟ್ಟ ಶ್ವಾಸಕೋಶವನ್ನು ಹೊರಗಿನಿಂದ ಒತ್ತಿ, ಮುದುಡಿಸಿ, ಸುಮ್ಮನೆ ಮಲಗಿಸುವ ಉಪಾಯ ಅದು. ತುಂಬಿದ ಗಾಳಿ ದಿನ ಕಳೆದಂತೆ ಇಂಗಿಹೋಗುತ್ತದೆ; ಆದ್ದರಿಂದ ಹದಿನೈದು ದಿನಕ್ಕೊಮ್ಮೆ ಮತ್ತೆ ತುಂಬಬೇಕು. ಅದಕ್ಕೆ ರಿಫಿಲ್ ಎನ್ನುತ್ತಿದ್ದರು. ಕ್ಷಯಕ್ಕೆ ಇಂಜೆಕ್ಷನ್ನು, ಗುಳಿಗೆ ಎಂಬವೆಲ್ಲ ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ.

“ಅದು ಹಟಾ ಮಾಡೋ ಕೂಸಿದ್ದಂಗ, ಬಾಯಾರ,” ಎನ್ನುತ್ತಿದ್ದರು ಡಾಕ್ಟರು, ಸೂಜಿ ತೆಗೆದು ಹತ್ತಿ ಒತ್ತುತ್ತ. “ಮಲಗೇದ, ಮಲಗಲಿ. ಓಡಿ, ಒದರಿ ಎಬ್ಬಸಬ್ಯಾಡ್ರಿ.”

ನಾನು ಆ ಕೂಸನ್ನು ಎದೆಯೊಳಗೆ ಹೊತ್ತುಕೊಂಡು ಧಾರವಾಡದ ಗಾಡಿ ಹತ್ತುತ್ತಿದ್ದೆ.

ನನ್ನ ತಂದೆ ಗದಗಿನಾಚೆ ಒಂದು ಸಣ್ಣ ಸ್ಟೇಶನ್ನಿನ ಮಾಸ್ತರರು. ತಾಯಿ ಇರಲಿಲ್ಲ. ನಾನು ಬೆಳೆದದ್ದು ಕಾನ್ವೆಂಟಿನ ಬೋರ್ಡಿಂಗಿನಲ್ಲಿ. ಅಲ್ಲಿಯೇ ಟೀಚರ್ ಆಗಬೇಕೆಂದು ಟ್ರೇನಿಂಗ್ ಮುಗಿಸುವಷ್ಟರಲ್ಲಿ ಸಂಜೆ ಸಂಜೆಗೆ ಜ್ವರ ಬರತೊಡಗಿತು, ಆಮೇಲೆ ಕರವಸ್ತ್ರದ ಮೇಲೆ ರಕ್ತ ಕಂಡಿತು. ವರ್ಷಕ್ಕೂ ಮಿಕ್ಕಿ ಸ್ಯಾನಟೋರಿಯಂನಲ್ಲಿದ್ದೆ. ಬಿಡುವಾಗ ಅಲ್ಲಿಯ ದೊಡ್ಡ ಡಾಕ್ಟರು ತಂದೆಗೆ ಹೇಳಿದ್ದು ಇಷ್ಟೇ: ಮಂದಿ ತುಂಬಿದ ಮನೆ ಬೇಡ, ಧೂಳು ಹೊಗೆ ಬೇಡ, ರಿಫಿಲ್ ಮಾತ್ರ ಒಂದೂ ತಪ್ಪಬಾರದು. ಅಣ್ಣನ ಮನೆಯಲ್ಲಿ ಸಣ್ಣ ಮಕ್ಕಳು. ತಂದೆಯ ಕ್ವಾರ್ಟರ್ಸಿನ ಸುತ್ತ ಇಂಜಿನ್ನಿನ ಹೊಗೆ. ರಿಫಿಲ್ ಸಿಗುವುದು ಹುಬ್ಬಳ್ಳಿಯಲ್ಲಿ, ಆದರೆ ಹುಬ್ಬಳ್ಳಿಯ ಗಾಳಿಯಲ್ಲಿ ಗಿರಣಿಯ ಹತ್ತಿ ಹಾರಾಡುತ್ತಿತ್ತು. ಧಾರವಾಡದ ಹವೆ ಒಳ್ಳೆಯದು, ಮಾಳಮಡ್ಡಿ ಸ್ಟೇಶನ್ನಿಗೆ ಹತ್ತಿರ. ಹೀಗೆ ಇಪ್ಪತ್ತರ ಆಚೀಚಿನ ಒಂದು ಹೆಣ್ಣು ಒಬ್ಬಳೇ ಊರಲ್ಲಿ ಮನೆ ಮಾಡಿ ಇರಬೇಕಾಯಿತು. ಯುದ್ಧದ ಕಾಲ ಅದು.

ಮೊದಲ ಎರಡು ಮನೆಗಳಲ್ಲಿ ತಂದೆ ನಿಜ ಹೇಳಿದರು. ಎರಡರಲ್ಲೂ “ಪಾಪ” ಎಂದರು, ಎರಡರಲ್ಲೂ ಬಾಗಿಲಲ್ಲಿದ್ದ ಮಕ್ಕಳನ್ನು ಒಳಗೆಳೆದುಕೊಂಡರು. ಮೂರನೆಯ ಮನೆಯೊಡತಿ ವಿಧವೆ. ಬೋಳುತಲೆಯ ಮೇಲೆ ಕೆಂಪು ಸೀರೆಯ ಸೆರಗು, ಗುಬ್ಬಿಯಷ್ಟು ದೇಹ, ಕೇರಿಗೆಲ್ಲ ಕೇಳುವ ದನಿ. ಅಕ್ಕಪಕ್ಕದವರೆಲ್ಲ ಆಕೆಗೆ ಕಾಕು, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನಾನೂ ಹಾಗೆಯೇ ಅಂದೆ. ಆಕೆ ನಮ್ಮ ಗೋತ್ರ ಕೇಳಿದರು, ಮಠ ಕೇಳಿದರು, ಸೋದರಮಾವಂದಿರ ಊರು ಕೇಳಿದರು. ರೋಗ ಕೇಳಲಿಲ್ಲ. ತಂದೆ ನನ್ನ ಮುಖ ನೋಡಿದರು.

“ಸ್ವಲ್ಪ ಅಶಕ್ತಿ ಅದರಿ ಆಕಿಗೆ,” ಎಂದರು.

“ಧಾರವಾಡದ ನೀರು ಬಿದ್ದರ ಎಲ್ಲಾ ಬರೋಬ್ಬರಿ ಆಗತದ ತಗೋರಿ,” ಎಂದು ಕಾಕು ಕೀಲಿ ತೆಗೆದುಕೊಟ್ಟರು.

ನನ್ನ ಕೋಣೆ ಪಡಸಾಲೆಯ ಒಂದು ತುದಿಗೆ. ರಸ್ತೆಗೆ ಅದರದೇ ಬಾಗಿಲು, ಎರಡು ಕಡೆ ಕಿಟಕಿ, ಕಿಟಕಿಯಾಚೆ ಬೇವಿನ ಮರ. ಒಳಗೆ ಕಾಕು, ಕಚೇರಿಯಲ್ಲಿ ಕ್ಲಾರ್ಕನಾಗಿದ್ದ ಅವರ ಮಗ, ಸೊಸೆ, ಆಗಷ್ಟೇ ಅಂಬೆಗಾಲಿಡುತ್ತಿದ್ದ ಮೊಮ್ಮಗಳು.

ಮೊದಮೊದಲು ನನ್ನನ್ನು ಕಂಗೆಡಿಸಿದ್ದು ಘಂಟೆ ಇಲ್ಲದಿರುವುದು. ಕಾನ್ವೆಂಟಿನಲ್ಲಿ ಏಳುವುದಕ್ಕೆ, ಉಣ್ಣುವುದಕ್ಕೆ, ಪ್ರೇಯರಿಗೆ, ದೀಪ ಆರಿಸುವುದಕ್ಕೆ ಘಂಟೆ. ಸ್ಯಾನಟೋರಿಯಂನಲ್ಲಿ ಥರ್ಮಾಮೀಟರ್ ಬಾಯಿಗಿಡುವುದಕ್ಕೂ ಘಂಟೆ. ಇಲ್ಲಿ ನಾನು ಹೊತ್ತು ಮುಳುಗುವವರೆಗೆ ಮಲಗಿದ್ದರೂ ಕೇಳುವವರಿಲ್ಲ, ಉಣ್ಣದಿದ್ದರೂ ಕೇಳುವವರಿಲ್ಲ. ಸ್ವಾತಂತ್ರ್ಯ ಎಂದರೆ ಇದೇ ಎಂದು ಪುಸ್ತಕದಲ್ಲಿ ಓದಿದ್ದೆ. ಸಿಕ್ಕಾಗ ಅಳು ಬಂತು. ಕಡೆಗೆ ಮಧ್ಯಾಹ್ನದ ಗಾಡಿಯ ಸಿಳ್ಳೆಯನ್ನೇ ನನ್ನ ಘಂಟೆ ಮಾಡಿಕೊಂಡೆ. ಅದು ಕೇಳಿದೊಡನೆ ಅಂಗಾತ ಮಲಗಿ, ಮುಂದಿನ ಗಾಡಿ ಬರುವವರೆಗೆ ಮಿಸುಕುತ್ತಿರಲಿಲ್ಲ.

ಶೆಗಡಿ ಹೊತ್ತಿಸುವುದು ಬರುತ್ತಿರಲಿಲ್ಲ. ಇದ್ದಿಲ ಹೊಗೆಗೆ ಕೆಮ್ಮು. ಕೆಮ್ಮು ಕೇಳಿಸಬಾರದೆಂದು ಸೆರಗು ಕಚ್ಚಿಕೊಳ್ಳುವುದು. ಕಾಕುವಿನ ಸೊಸೆ, ಅತ್ತಿಗೆ ಎಂಬರ್ಥದಲ್ಲಿ ನಾನು ವೈನಿ ಎಂದು ಕರೆಯುತ್ತಿದ್ದವರು, ಕಿಟಕಿಯಿಂದ ಇದನ್ನು ನೋಡಿ ನಕ್ಕರು.

“ಅದೇನ್ರಿ, ಶೆಗಡಿಗೆ ಗಾಳಿ ಹಾಕ್ಲಿಕತ್ತೀರೋ, ದೇವರಿಗೆ ಚಾಮರಾ ಬೀಸಲಿಕತ್ತೀರೋ? ಬುಡಕ್ಕ ಬೀಸ್ರಿ, ಬುಡಕ್ಕ! ಇಂಗ್ಲೀಷ್ ಸಾಲ್ಯಾಗ ಇದನ್ನ ಕಲಸಲಿಲ್ಲೇನು?”

“ಅಲ್ಲಿ ಕೇಕ್ ಮಾಡೋದು ಕಲಸಿದ್ರು, ವೈನಿ.”

“ಹಂಗಾರ ಅದನ್ನs ಉಣ್ಣರಿ!”

ಮಾಳಮಡ್ಡಿಯ ಏರು ಹತ್ತುವಾಗ ನಡುವೆ ನಿಲ್ಲಲೇಬೇಕಿತ್ತು. ಬರೀ ನಿಂತರೆ ಜನ ಕೇಳುತ್ತಾರೆ. ಅದಕ್ಕೇ ಯಾರದೋ ಕಂಪೌಂಡಿನ ಹತ್ತಿರ ನಿಂತು ಹೂವಿನ ಗಿಡ ನೋಡಿದಂತೆ ಮಾಡುತ್ತಿದ್ದೆ. ಹೀಗೆ ದಿನಾ ನೋಡಿ ನೋಡಿ ಆ ಮನೆಯ ಯಜಮಾನರು ಒಂದು ದಿನ, ನಿಮಗೆ ಗಿಡಗಳ ಮೇಲೆ ಬಹಳ ಪ್ರೀತಿ ಕಾಣುತ್ತದೆ ಎಂದು ಗುಲಾಬಿಯ ಕುಂಡವನ್ನೇ ಕೊಟ್ಟುಬಿಟ್ಟರು. ಭಾರ ಎತ್ತಲು ನನಗೆ ಡಾಕ್ಟರರ ಅಪ್ಪಣೆ ಇಲ್ಲ. “ನಾಳೆ ಒಯ್ತೇನಿ” ಎಂದು ಹೇಳಿ, ಮರುದಿನದಿಂದ ಬೇರೆ ದಾರಿ ಹಿಡಿದೆ.

ಒಂದು ಪ್ರೆಸ್ಸಿನವರ ಇಂಗ್ಲೀಷ್ ಪ್ರೂಫ್ ನೋಡಿಕೊಡುವ ಕೆಲಸ ಸಿಕ್ಕಿತ್ತು. ಮಲಗಿಕೊಂಡೇ ಮಾಡಬಹುದಾದ ಕೆಲಸ. ಇನ್ನುಳಿದ ಹೊತ್ತೆಲ್ಲ ಸ್ಯಾನಟೋರಿಯಂನ ರೂಲ್ಸ್‌ಗೆ. ನನ್ನ ತಾಟು, ವಾಟಗ, ತಂಬಿಗೆ ಬೇರೆ, ಉಂಡಮೇಲೆ ಅವನ್ನು ಕುದಿಸಬೇಕು, ಬೇರೆಯವರ ಬಟ್ಟೆಯ ಜೊತೆ ನನ್ನ ಬಟ್ಟೆ ಒಣಗಬಾರದು, ಮಾತಾಡುವಾಗ ಬಾಯಿಗೆ ಸೆರಗು, ಯಾರ ಕೈಯಿಂದಲೂ ತಿನ್ನುವುದನ್ನು ತೆಗೆದುಕೊಳ್ಳುವುದಾಗಲಿ, ಯಾರಿಗೂ ಕೊಡುವುದಾಗಲಿ ಇಲ್ಲ, ಮಕ್ಕಳನ್ನು ಎತ್ತಿಕೊಳ್ಳುವಂತಿಲ್ಲ.

ಕಾಕು ಇದನ್ನೆಲ್ಲ ಪಡಸಾಲೆಯಿಂದ ನೋಡುತ್ತಿದ್ದರು. ನೋಡಿ ನೋಡಿ ಅವರಿಗೆ ಆದದ್ದು ಆನಂದ.

ಒಂದು ದಿನ ನೆರೆಮನೆಯ ಹೆಂಗಸರಿಬ್ಬರನ್ನು ಕರೆದು ತಂದು ನನ್ನ ಕಿಟಕಿಯ ಹೊರಗೆ ನಿಲ್ಲಿಸಿದರು. “ನೋಡ್ರೆ, ಕಣ್ಣ ತೆರದು ನೋಡ್ರಿ. ಕಾನ್ವೆಂಟ್ ಕಲತ ಹುಡಿಗಿ. ತನ್ನ ತಾಟು ತಾನs ಬೆಳಗಿ ಕುದಿಸ್ತಾಳ. ಅರಿವಿ ಬ್ಯಾರೆ, ಹಗ್ಗಾ ಬ್ಯಾರೆ. ಕೂಸು ಓಡಿ ಬಂದರ ತಾ ಮೂಲಿಗೆ ಸರೀತಾಳ, ಮೈಲಿಗಿ ಆದೀತು ಅಂತ. ಮಧ್ಯಾಹ್ನ ಮೌನ ಹಿಡಿತಾಳ. ನೀವೂ ಇದ್ದೀರಿ, ಕುಂಕುಮಕ್ಕ ಬಂದಾಕಿ ಕೈಯಾಗಿನ ಚಕ್ಕಲಿ ತಿಂತೀರಿ!”

ಅವರು ನನಗೆ ಕೈಮುಗಿದರು. ನಾನು ಬಾಯಿಗೆ ಸೆರಗು ಹಿಡಿದೇ ಇದ್ದೆ. ಅದೂ ಮಡಿಗೇ ಸಂದಿತು.

ಹದಿನೈದು ದಿನಕ್ಕೊಮ್ಮೆ “ಹುಬ್ಬಳ್ಳಿಗೆ ಹೋಗಿಬರ್ತೀನ್ರಿ ಕಾಕು” ಎಂದರೆ, “ಮಠಕ್ಕ ಹೊಂಟಿಯಾ? ನಂದೂ ಒಂದು ನಮಸ್ಕಾರ ಮಾಡು” ಎನ್ನುತ್ತಿದ್ದರು. ನಾನು ಹೋಗುತ್ತಿದ್ದುದು ಸೂಜಿ ಚುಚ್ಚಿಸಿಕೊಳ್ಳುವುದಕ್ಕೆ. ಆಮೇಲೆ ಡಾಕ್ಟರರ ಆರ್ಡರಿನಂತೆ ಹುಬ್ಬಳ್ಳಿ ಸ್ಟೇಶನ್ನಿನ ರಿಫ್ರೆಶ್‌ಮೆಂಟ್ ರೂಮಿನ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ, ಅರೆಬೆಂದ ಮೊಟ್ಟೆ ತಿನ್ನುತ್ತಿದ್ದೆ. ಚಮಚ ಹೇಗೆ ಹಿಡಿಯಬೇಕೆಂದು ಸಿಸ್ಟರ್‌ಗಳು ಕಲಿಸಿದ್ದು ಅಲ್ಲಿ ಉಪಯೋಗಕ್ಕೆ ಬಂತು. ಮಾಳಮಡ್ಡಿಯ ಅತ್ಯಂತ ಮಡಿಯ ಹೆಂಗಸು ಎಂಬ ಹೆಸರು ಹೊತ್ತು, ಹೊಟ್ಟೆಯಲ್ಲಿ ಮೊಟ್ಟೆ ಇಟ್ಟುಕೊಂಡು ಲೇಡೀಸ್ ಡಬ್ಬಿಯಲ್ಲಿ ಕೂತಾಗ ನಗು ಬರುತ್ತಿತ್ತು. ರಿಫಿಲ್ ಆದ ದಿನ ನಗುವುದು ನಿಷಿದ್ಧ. ನಕ್ಕರೆ ಎದೆಯಲ್ಲಿ ಕಲ್ಲಿಟ್ಟಂತಾಗುತ್ತಿತ್ತು.

ಆ ತಪ್ಪು ಕಲ್ಪನೆ ನನಗೆ ಎಷ್ಟು ಹಿತವಾಗಿತ್ತು ಎಂಬುದನ್ನೂ ಹೇಳಬೇಕು. ಸ್ಯಾನಟೋರಿಯಂನಿಂದ ಹೊರಬಿದ್ದಮೇಲೆ ನನ್ನ ರೋಗ ಗೊತ್ತಿದ್ದವರೆಲ್ಲ ನನ್ನನ್ನು ಕಂಡು ದೂರ ಸರಿದಿದ್ದರು, ಅಣ್ಣನೂ ಸಹ. ಇಲ್ಲಿಯ ಜನವೂ ದೂರವೇ ನಿಲ್ಲುತ್ತಿದ್ದರು, ಆದರೆ ಗೌರವದಿಂದ. ದೂರ ಮಾತ್ರ ಅಷ್ಟೇ ಇತ್ತು. ಹೊರಗಿನಿಂದ ಅಳೆದರೆ ಎರಡೂ ಒಂದೇ ಮೊಳ.

ಆ ವರ್ಷ ಮಳೆಗಾಲ ಮುಗಿಯುವಾಗ ಕಾಕುವಿಗೆ ಚಳಿಜ್ವರ ಬಂತು. ಮಗ ಕಚೇರಿಗೆ ಹೋಗಿದ್ದ. ವೈನಿ ತಿಂಗಳ ಹೊರಗಿನವರಾಗಿ, ಕೂಸನ್ನು ಕಟ್ಟಿಕೊಂಡು ಹಿತ್ತಲ ಕೋಣೆಯಲ್ಲಿ ಕೂತಿದ್ದರು. ಆ ದಿನಗಳಲ್ಲಿ ಅವರು ಒಳಗಿನದೇನನ್ನೂ ಮುಟ್ಟುವಂತಿರಲಿಲ್ಲ. ಮಧ್ಯಾಹ್ನ ನಾನು ಪ್ರೂಫ್ ನೋಡುತ್ತಿದ್ದಾಗ ನಡುಮನೆಯಿಂದ ಕಾಕುವಿನ ದನಿ ಬಂತು. ಅಂಥ ಸಣ್ಣ ದನಿಯನ್ನು ಅವರಿಂದ ನಾನು ಕೇಳಿರಲಿಲ್ಲ.

“ಏ ಹುಡಿಗಿ, ಇದ್ದೀಯೇನ? ಹಂಡೇದಾಗಿಂದು ಒಂದು ತಂಬಿಗಿ ನೀರು ಕೊಡು ಬಾರವಾ. ಗಂಟಲ ಆರೇದ.”

ಹೋಗಿ ಹೊಸ್ತಿಲಲ್ಲಿ ನಿಂತೆ. ಕಾಕು ಕಂಬಳಿಯೊಳಗೆ ನಡುಗುತ್ತಿದ್ದರು. “ಬ್ಯಾರೆ ಯಾರ ಕೈಯಾಗಿಂದೂ ನನಗ ನಡ್ಯಾಂಗಿಲ್ಲ. ನೀ ಹ್ಯಾಂಗೂ ಮಡಿಲೇ ಇರ್ತಿ. ನಿನ್ನ ಕೈಯಾಗಿಂದು ನಡೀತದ. ಲಗೂ ತಾ.”

ತಾಮ್ರದ ಹಂಡೆ ಎದುರಿಗೇ ಇತ್ತು. ಇಡೀ ಮನೆ ಕುಡಿಯುವ ನೀರು ಅದರಲ್ಲಿ. ಕಳೆದ ಸಲದ ಟೆಸ್ಟಿನಲ್ಲಿ ಕಫದಲ್ಲಿ ಏನೂ ಸಿಕ್ಕಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಒಂದು ಟೆಸ್ಟನ್ನು ನಂಬಬೇಡ ಎಂದು ಸ್ಯಾನಟೋರಿಯಂನಲ್ಲಿ ಹೇಳಿದ್ದರು. ಕೊಟ್ಟರೆ ಏನೂ ಆಗದೇ ಇರಬಹುದು. ಕೊಡದಿದ್ದರೆ, ಯಾಕೆ ಎಂದು ಹೇಳಬೇಕು. ಹೇಳಿದರೆ ಈ ಕೋಣೆ ಹೋಗುತ್ತದೆ. ಕೋಣೆ ಹೋದರೆ ರಿಫಿಲ್ ತಪ್ಪುತ್ತದೆ. ರಿಫಿಲ್ ತಪ್ಪಿದರೆ ಏನಾಗುತ್ತದೆಂದು ಸ್ಯಾನಟೋರಿಯಂನಲ್ಲಿ ನನ್ನ ಪಕ್ಕದ ಹಾಸಿಗೆಗಳು ಖಾಲಿಯಾದದ್ದನ್ನು ಕಂಡು ಗೊತ್ತಿತ್ತು. ಹಂಡೆಯ ಮುಚ್ಚಳದ ಮೇಲೆ ಒಂದು ನೊಣ ಕೂತಿತ್ತು. ಅದನ್ನೇ ನೋಡುತ್ತ ನಿಂತೆ.

“ಯಾಕ ನಿಂತಿ? ಕಿವಿ ಕೇಳಸೂದಿಲ್ಲೇನು?”

“ಕಾಕು, ನಾ ಕೊಡೂ ಹಂಗಿಲ್ಲರಿ. ನನಗ ಕ್ಷಯಾ ಆಗೇದ.”

ಹಿತ್ತಲ ಕಡೆ ವೈನಿಯ ಬಳೆಯ ಸದ್ದು ನಿಂತಿತು. ಕಾಕು ಕಂಬಳಿ ಸರಿಸಿ ಮುಖ ಹೊರಗೆ ಹಾಕಿದರು.

“ಯಾವಾಗಿಂದ?”

“ಇಲ್ಲಿ ಬರೂಕಿಂತ ಮೊದಲಿಂದರಿ.”

“ಹಂಗಾರ ಆ ತಾಟು ಕುದಿಸೂದು?”

“ಅದಕ್ಕರಿ.”

“ಅರಿವಿ ಹಗ್ಗಾ?”

“ಅದಕ್ಕ.”

“ಮಧ್ಯಾಹ್ನ ಮೌನ?”

“ಅದು ರೆಸ್ಟ್‌ರಿ. ವಿಶ್ರಾಂತಿ.”

“ಹುಬ್ಬಳ್ಳಿ ಮಠ?”

“ದವಾಖಾನಿರಿ.”

“ಒಂದರೆ... ಒಂದರೆ ಖರೇ ಮಡಿ ಇತ್ತೋ ಇಲ್ಲೋ?”

“ಇಲ್ಲರಿ, ಕಾಕು.”

ಅವರು ಗೋಡೆಯ ಕಡೆ ಹೊರಳಿದರು. ರೋಗದ ಹೆದರಿಕೆಗಿಂತ ಅವರಿಗೆ ಹೆಚ್ಚು ನೋವಾದದ್ದು ಅದರಿಂದ ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಒಂಟಿಯಾಗಿ ಆಚರಿಸುತ್ತಿದ್ದ ಕಷ್ಟದ ಬಾಳಿಗೆ ಒಬ್ಬ ಜೊತೆಗಾತಿ ಸಿಕ್ಕಳು ಎಂದುಕೊಂಡಿದ್ದರು.

“ಅತ್ತಿ,” ಎಂದು ಹಿತ್ತಲಿಂದ ವೈನಿ ಕೂಗಿದರು, “ನಾನs ಬಂದು ಕೊಡ್ಲೇನ್ರಿ ನೀರು?”

“ಸುಮ್ಮ ಕೂಡ ಅಲ್ಲೇ! ನೀ ಮುಟ್ಟೂದು, ನಾ ಈ ಜ್ವರದಾಗ ತಣ್ಣೀರು ಸುರಕೊಂಡು ಸಾಯೂದು. ಸೊಸಿ ಕೈಲೆ ಸತ್ತಳು ಅನಿಸಿಕೊಳ್ಳಲೇನು?”

ಕಾಕು ಎದ್ದರು. ಗೋಡೆ ಹಿಡಿದು, ಒಂದು ಕಡೆ ಕೂತು, ಮತ್ತೆ ಎದ್ದು, ಹಂಡೆಯವರೆಗೆ ಹೋದರು. ಹಿಡಿದುಕೊಳ್ಳಲು ನಾನು ಹೋಗುವಂತಿಲ್ಲ, ವೈನಿ ಬರುವಂತಿಲ್ಲ. ಮೂವರು ಹೆಂಗಸರಿದ್ದ ಮನೆಯಲ್ಲಿ ಜ್ವರದ ಮುದುಕಿ ತನ್ನ ನೀರನ್ನು ತಾನೇ ಬಗ್ಗಿಸಿಕೊಂಡು, ತಲೆ ಮೇಲೆತ್ತಿ, ಅರ್ಧ ಎದೆಯ ಮೇಲೆ ಚೆಲ್ಲಿಕೊಂಡು ಕುಡಿದರು. ಅಲ್ಲೇ ಹಂಡೆಗೆ ಒರಗಿ ಕೂತು ನನ್ನನ್ನು ನೋಡಿದರು.

“ಇಷ್ಟು ದಿವಸದಾಗ ಈ ಮನ್ಯಾಗ ಯಾರಿಗರೆ ಏನರೆ ಕೊಟ್ಟೀಯೇನು?”

“ಇಲ್ಲರಿ. ಒಂದು ಹನಿ ನೀರೂ ಕೊಟ್ಟಿಲ್ಲ.”

“ಹೌದು. ನಾನs ನೋಡೇನಿ,” ಎಂದು ಕಣ್ಣು ಮುಚ್ಚಿದರು.

ನಾನು ಕೋಣೆಗೆ ಬಂದು ಟ್ರಂಕು ತೆಗೆದೆ. ಸಂಜೆ ಮಗ ಬಂದ. ಹಿತ್ತಲ ಬಾಗಿಲಲ್ಲಿ ವೈನಿ ಅಳುತ್ತ, “ಕೂಸಿಗೆ ಹತ್ತಿದರ ಏನ ಮಾಡೋದ್ರಿ?” ಎನ್ನುವುದು ಕೇಳಿಸಿತು. ಆ ಭಯ ನ್ಯಾಯವಾದದ್ದೇ. ಆತ ಪಡಸಾಲೆಗೆ ಬಂದು, ನನ್ನ ಬಾಗಿಲಿಂದ ದೂರ ನಿಂತು ಮೆಲ್ಲಗೆ ಹೇಳಿದ.

“ತಪ್ಪು ತಿಳೀಬ್ಯಾಡ್ರಿ, ಬಾಯಾರ. ಸಣ್ಣ ಕೂಸಿನ ಮನಿ. ನೀವು ಬ್ಯಾರೆ ಕಡೆ ನೋಡಿಕೊಂಡರ ಛಲೋ. ನಾನೂ ನಾಕ ಮಂದಿನ್ನ ವಿಚಾರಸ್ತೀನಿ.”

“ಎಲ್ಲಿ ವಿಚಾರಸ್ತೀಯೋ?” ನಡುಮನೆಯಿಂದ ಕಾಕು. ದನಿ ಹಳೆಯ ಜಾಗಕ್ಕೆ ಬಂದಿತ್ತು. “ಯಾರು ಇಟಗೋತಾರ ಆಕಿನ್ನ?”

“ಅವ್ವಾ, ಅದು ಅಂಟು ಜಡ್ಡು. ನಿನಗ ತಿಳ್ಯಾಂಗಿಲ್ಲ.”

“ನನಗ ತಿಳ್ಯಾಂಗಿಲ್ಲೇನು? ಆಕಿ ನೀರು ಕೊಟ್ಟಿದ್ದರ ನಾ ಕುಡೀತಿದ್ದೆ. ಹೇಳದs ಕೊಡಬಹುದಿತ್ತು, ಮನಿ ಉಳೀತಿತ್ತು ಆಕಿದು. ಕೊಡಲಿಲ್ಲ. ಅಂಟಬಾರದ ಹಂಗ ಬಾಳ್ವಿ ಮಾಡೋದು ಈ ಮನ್ಯಾಗ ಯಾರಿಗೆ ಬರೂದಿಲ್ಲೋ? ನಿಮ್ಮಪ್ಪ ಹೋದಾಗಿಂದ ನಾ ಹಂಗs ಇದ್ದೇನಿ. ನಿನ್ನ ಹೆಂಡತಿ ತಿಂಗಳಾ ಹಿತ್ತಲದಾಗ ಕೂಡತಾಳ. ಇಕಿ ಪಡಸಾಲಿ ಕೋಣ್ಯಾಗ ಕೂಡಲಿ. ನೀನೊಬ್ಬನs ಎಲ್ಲಾರನ್ನೂ ಮುಟಗೋತ ತಿರಗು, ಹೋಗು!”

ಮರುದಿನ ಮಗ ಪಡಸಾಲೆಯ ನಡುವೆ ಕೂಸು ದಾಟದಂತೆ ಒಂದು ಹಲಗೆಯನ್ನು ಅಡ್ಡ ಬಡಿದ. ನಾನು ತುಂಬಿದ್ದ ಬಟ್ಟೆಯನ್ನು ಹೊರಗಿಟ್ಟು ಟ್ರಂಕು ಮುಚ್ಚಿದೆ.

ವೈನಿ ಬಹಳ ದಿನ ಕಿಟಕಿಗೆ ಬರಲಿಲ್ಲ. ನನ್ನ ರೂಲ್ಸನ್ನೆಲ್ಲ ಕಾಕು ತಮ್ಮ ಕೈಗೆ ತೆಗೆದುಕೊಂಡರು. ಸ್ಯಾನಟೋರಿಯಂನ ಮೇಟ್ರನ್ ಆಂಗ್ಲೋ-ಇಂಡಿಯನ್ ಹೆಂಗಸು, ಬಹಳ ಸ್ಟ್ರಿಕ್ಟ್. ಕಾಕುವಿನ ಮುಂದೆ ಆಕೆ ಏನೂ ಅಲ್ಲ. “ತಾಟು ಕುದೀತೇನು? ಬರೇ ಬಿಸಿ ಆದರ ಸಾಲೂದಿಲ್ಲ, ಕುದೀಬೇಕು!” ಎಂದು ಹಲಗೆಯಾಚೆಯಿಂದ ಒದರುತ್ತಿದ್ದರು. ಒಂದು ದಿನ ಮಾತ್ರ ಎಲ್ಲವೂ ಕೆಟ್ಟುಹೋಗುವುದರಲ್ಲಿತ್ತು. ನಾನು ದಿನಾ ಕುಡಿಯುತ್ತಿದ್ದ ಔಷಧದ ಎಣ್ಣೆಯ ವಾಸನೆ ಅವರ ಮೂಗಿಗೆ ಬಡಿಯಿತು.

“ಅದು ಯಾವುದರ ಎಣ್ಣಿ?”

ಇನ್ನು ಮುಚ್ಚಿಡುವುದು ಬೇಡ ಎಂದುಕೊಂಡೆ. “ಮೀನಿಂದರಿ, ಕಾಕು.”

“ರಾಮ ರಾಮ ರಾಮ! ಜಡ್ಡು ತಡಕೊಂಡೆ. ಮೀನ ಹ್ಯಾಂಗ ತಡಕೊಳ್ಳಲೇ ನಾನು?” ಎಂದು ಸೆರಗಿನಿಂದ ಮೂಗು ಮುಚ್ಚಿ ಒಳಗೆ ಹೋದವರು ಸ್ವಲ್ಪ ಹೊತ್ತಿಗೆ ತಿರುಗಿ ಬಂದರು. “ಔಷಧಕ್ಕ ದೋಷ ಇಲ್ಲ ಅಂತಾರ. ಆದರ ಬಾಟಲಿ ಹೊರಗ, ಕಂಪೌಂಡ ಗ್ವಾಡಿ ಮ್ಯಾಲೆ. ಅಲ್ಲೇ ನಿಂತು ಕುಡಿ.” ಮೊಟ್ಟೆಯ ವಿಷಯ ಮಾತ್ರ ನಾನು ಹೇಳಲಿಲ್ಲ. ಆ ಮನೆಯಲ್ಲಿ ಅದೊಂದು ಗುಟ್ಟು ಉಳಿಯಲಿ ಎಂದು ಬಿಟ್ಟೆ.

ನೆರೆಮನೆಯವರಿಗೆ ಕಾಕು ಏನನ್ನೂ ತಿದ್ದಿ ಹೇಳಲಿಲ್ಲ. ಯಾರಾದರೂ ನನ್ನ ಕೋಣೆಯ ಕಡೆ ಹೆಜ್ಜೆ ಹಾಕಿದರೆ, “ಆಕಿದು ಭಾಳ ಕಡಕ ಮಡಿ. ಹತ್ತರ ಹೋಗಬ್ಯಾಡ್ರಿ,” ಎಂದು ತಡೆಯುತ್ತಿದ್ದರು. ಸುಳ್ಳು ಹೇಳದ ಹೆಂಗಸು.

ಮಡಿಯನ್ನು ಹೊಗಳಲು ನಾನು ಇದನ್ನು ಬರೆಯುತ್ತಿಲ್ಲ. ಅದೇ ಕಾಕು ಕಟ್ಟಿಗೆ ತಂದವರನ್ನು ಕಂಪೌಂಡಿನೊಳಗೆ ಬಿಡುತ್ತಿರಲಿಲ್ಲ. ನೀರು ಕೇಳಿದರೆ ಮೇಲಿನಿಂದ ಹುಯ್ಯುತ್ತಿದ್ದರು. ಕಾಕುವಿನ ತಲೆಯನ್ನು ಬೋಳಿಸಿ ಆ ಕೆಂಪು ಸೀರೆ ಉಡಿಸಿದಾಗ ಅವರ ವಯಸ್ಸು ಹೆಚ್ಚು ಕಡಿಮೆ ನನ್ನ ಆಗಿನ ವಯಸ್ಸೇ ಇತ್ತಂತೆ. ಎಷ್ಟೋ ಜನರನ್ನು ಹೊರಗೆ ನಿಲ್ಲಿಸಿದ ಆ ಪದ್ಧತಿಯೊಳಗೇ ಎಲ್ಲೂ ಜಾಗವಿಲ್ಲದ ನನಗೊಂದು ಕೋಣೆ ಸಿಕ್ಕಿತು. ಇದನ್ನು ಯಾವ ಲೆಕ್ಕಕ್ಕೆ ಹಾಕಬೇಕೆಂದು ಈ ವಯಸ್ಸಿನಲ್ಲೂ ನನಗೆ ತಿಳಿಯುತ್ತಿಲ್ಲ. ಕಾನ್ವೆಂಟಿನ ಮದರ್ ಸುಪೀರಿಯರ್ ಇದ್ದಿದ್ದರೆ, “ಚೈಲ್ಡ್, ಜಸ್ಟ್ ಬಿ ಗ್ರೇಟ್‌ಫುಲ್” ಎನ್ನುತ್ತಿದ್ದರೋ ಏನೋ. ಗ್ರೇಟ್‌ಫುಲ್ ಆಗುವುದು ಅಷ್ಟು ಸರಳವಲ್ಲ.

ಯುದ್ಧ ಮುಗಿಯುವ ಹೊತ್ತಿಗೆ ಡಾಕ್ಟರು ರಿಫಿಲ್ ನಿಲ್ಲಿಸಿದರು. “ಕೂಸು ತಾನಾಗೇ ಎದ್ದದ, ಬಾಯಾರ. ಇನ್ನ ಆಡಲಿ,” ಎಂದರು. ದೂರದ ಊರೊಂದರ ಶಾಲೆಯಲ್ಲಿ ಕೆಲಸ ಸಿಕ್ಕು ಹೋದೆ. ಕೆಲವು ವರ್ಷಗಳ ಮೇಲೆ ಹುಬ್ಬಳ್ಳಿಗೆ ಹೋಗುವಾಗ ಧಾರವಾಡದಲ್ಲಿ ಇಳಿದು, ಮುಂದಿನ ಗಾಡಿಯವರೆಗೆ ಹೊತ್ತಿದೆಯೆಂದು ಮಾಳಮಡ್ಡಿಯ ಏರು ಹತ್ತಿದೆ. ಎಲ್ಲೂ ನಿಲ್ಲಲಿಲ್ಲ. ಹಿಂದೆ ಅಲ್ಲಿ ನಿಲ್ಲುತ್ತಿದ್ದೆ ಎಂಬುದು ಗುಲಾಬಿಯ ಕಂಪೌಂಡನ್ನು ದಾಟಿದ ಮೇಲೆಯೇ ನೆನಪಾದದ್ದು.

ಬೆಳಗಿನ ಹೊತ್ತು. ಕಾಕು ಒದ್ದೆ ಸೀರೆಯಲ್ಲಿ, ಬಾವಿಯಿಂದ ಮಡಿನೀರಿನ ಕೊಡ ಹೊತ್ತು ಅಂಗಳ ದಾಟುತ್ತಿದ್ದರು. ಇನ್ನೂ ಸಣ್ಣಗಾಗಿದ್ದರು, ಕಣ್ಣು ಮಂಜಾಗಿರಬೇಕು, ಮುಖ ನನ್ನ ಕಡೆಗಿದ್ದರೂ ನೋಟ ಬೇವಿನ ಮರದ ಕಡೆಗಿತ್ತು. ನಾನು ಕಾಲಿಗೆರಗಲು ಮುಂದೆ ಹೋದೆ.

“ಯಾರದು? ಅಲ್ಲೇ ನಿಂದ್ರು, ನಾ ಮಡಿಲೇ ಇದ್ದೇನಿ.”

ನಾನು ಯಾರೆಂದು ಹೇಳಿದೆ.

“ನೀನೇನ? ನೀನಾದರೂ ಅಲ್ಲೇ ನಿಂದ್ರು. ಮೈ ಹ್ಯಾಂಗದ?”

“ಪೂರಾ ಆರಾಮ ಆಗೇನ್ರಿ, ಕಾಕು.”

“ಅಂದರ, ತಾಟು ಕುದಿಸೂದಿಲ್ಲ ಈಗ?”

“ಇಲ್ಲರಿ.”

“ಎಲ್ಲಾರ ಜೋಡಿ ಕೂತು ಉಂತಿ?”

“ಉಂತೀನ್ರಿ.”

“ಮಕ್ಕಳನ್ನ ಎತಗೋತಿ?”

“ಸಾಲ್ಯಾಗ ದಿನಾ ಎತಗೋತೀನ್ರಿ.”

“ಹಂಗಾರ ಪೂರಾ ಮೈಲಿಗಿ ಆದಿ ಬಿಡು,” ಎಂದು ಕಾಕು ನಕ್ಕರು. ನಗುವಿಗೆ ಕೊಡ ಕುಲುಕಿ ನೀರು ಹೆಗಲ ಮೇಲೆ ಚೆಲ್ಲಿತು. ಹಾಗೆಯೇ ನಗುತ್ತ, ನನ್ನನ್ನು ಮುಟ್ಟದಂತೆ ಸೆರಗನ್ನು ಒತ್ತಟ್ಟಿಗೆ ಎಳೆದುಕೊಂಡು, ಪಕ್ಕದಿಂದಲೇ ದಾಟಿ ಒಳಗೆ ಹೋದರು. ಅಂಗಳದಲ್ಲಿ ಅವರ ಒದ್ದೆ ಹೆಜ್ಜೆಗಳು ಉಳಿದವು. ಅವನ್ನು ತುಳಿಯದೆ ಬೇವಿನ ಕೆಳಗೆ ನಿಂತು ಕಾದೆ. ಪೂಜೆ ಮುಗಿದು ಅವರು ಮಡಿ ಬಿಡುವ ಮೊದಲೇ ನನ್ನ ಗಾಡಿ ಸಿಳ್ಳೆ ಹಾಕಿತು.